ಪದವಿಯೂ ಪರವಾನಿಗೆಯೂ

ರಾಜನಿಗೆ ತನ್ನ ನಾಡಿನಲ್ಲಿ ಮಾತ್ರ ಗೌರವವುಂಟು, ವಿದ್ಯಾವಂತನಿಗೆ ಹೋದಲ್ಲೆಲ್ಲ ಗೌರವವುಂಟು ಎಂಬ ಅಭಿಪ್ರಾಯದ ಸುಭಾಷಿತವೊಂದನ್ನು ನಾವು ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ಪದಚ್ಛೇದ ಮಾಡಿದೆವು, ಅನ್ವಯ ಹೇಳಿದೆವು, ತಾತ್ಪರ್ಯ ಬರೆಯಿಸಿದೆವು, ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳನ್ನೂ ಕೊಟ್ಟೆವು. ಆ ಮಾತಿಗೆ ಒಂದು ಟಿಪ್ಪಣಿಯು ಅವಶ್ಯವೆಂಬುದು ಮಾತ್ರ ನಮಗೆ ತಿಳಿದುದು ಸೇವೆಯಿಂದ ನಿವೃತ್ತರಾಗುವ ಕಾಲಕ್ಕೆ. ಆ ಟಿಪ್ಪಣಿಯನ್ನೇ ಈ ಲೇಖನದಲ್ಲಿ ವಾಚಕರ ಮುಂದಿಡುತ್ತೇವೆ. ಮಕ್ಕಳನ್ನು ಓದಿಸಿ ಪರದೇಶಕ್ಕೆ ಕಳುಹಿಸುವ ಯೋಚನೆಯುಳ್ಳ ಗೃಹಸ್ಥರಿಗೆ ಇದರಿಂದ ಸ್ವಲ್ಪ ಪ್ರಯೋಜನವಾದರೂ ನಮ್ಮ ಶ್ರಮವು ಸಾರ್ಥಕವು.

ಕಳೆದ ವರ್ಷ ಕಡಲೆಕಾಯಿ ಕಿತ್ತು ಮುಗಿದ ದಿನಗಳಲ್ಲಿ, ಶಿರಾ ಪಟ್ಟಣದ ನಮ್ಮ ಮನೆಗೆ ಹತ್ತಿರದ ಹಳ್ಳಿಯ ಗೌಡರೊಬ್ಬರು ಬಂದರು. ಕೈಯಲ್ಲಿ ಕಾಗದಗಳ ಒಂದು ಚೀಲ. ಅವರ ಮೊಮ್ಮಗಳು ಔಷಧಶಾಸ್ತ್ರದಲ್ಲಿ ಬಿ.ಫಾರ್ಮ. ಪದವಿಯನ್ನು ಮುಗಿಸಿರುವಳು. ಅವಳಿಗೆ ಕೆನಡಾ ದೇಶಕ್ಕೆ ಹೋಗಬೇಕೆಂಬ ಹಂಬಲ. ಬೆಂಗಳೂರಿನ ದಲ್ಲಾಳಿಯೊಬ್ಬನು, ದೇಶದೊಳಗೆ ಕಾಲಿಟ್ಟರೆ ಸಾಕು, ಔಷಧದಂಗಡಿಯಲ್ಲಿ ದೊಡ್ಡ ಸಂಬಳದ ಕೆಲಸವು ಕಾದಿರುತ್ತದೆಂದು ಹೇಳಿದ್ದನಂತೆ. ಹೆದ್ದಾರಿಯ ಕಡೆಗಿದ್ದ ಎರಡು ಎಕರೆ ಹೊಲವನ್ನು ಮಾರಲು ಮಾತು ಮುಗಿದು, ಮುಂದಿನ ವಾರ ಕ್ರಯಪತ್ರ ಆಗುವುದರಲ್ಲಿತ್ತು. ಅಷ್ಟರಲ್ಲಿ ಯಾರೋ, ಅಲ್ಲಿ ಮತ್ತೆ ಪರೀಕ್ಷೆ ಬರೆಯಬೇಕು ಎಂಬ ಹುಳುವನ್ನು ಅವರ ಕಿವಿಗೆ ಬಿಟ್ಟಿದ್ದರು.

“ಮೇಷ್ಟ್ರೇ, ನಾಲ್ಕು ವರ್ಷ ಓದಿ ಪಾಸಾದ ಹುಡುಗಿ. ಯೂನಿವರ್ಸಿಟಿ ಮೊಹರೂ ಐತೆ, ಬೆಂಗಳೂರಿನ ಕೌನ್ಸಿಲ್ ಸರ್ಟಿಫಿಕೇಟೂ ಐತೆ. ಅಲ್ಲಿಗೆ ಹೋದರೆ ಮತ್ತೆ ಮೊದಲಿಂದ ಪರೀಕ್ಷೆ ಅಂದ್ರೆ ಏನು ನ್ಯಾಯ? ನಮ್ಮ ಪಾಸು ಪಾಸಲ್ವಾ?” ಎಂದು ಕೇಳಿದರು.

ಇದೇ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ನಮ್ಮ ಶಿಷ್ಯೆಯೊಬ್ಬಳು ಕೇಳಿದ್ದಳು. ಆಗ ನಾವು, “ಚಿನ್ನಕ್ಕೆ ಯಾವ ಊರಿನಲ್ಲಿಯೂ ಬೆಲೆಯುಂಟಮ್ಮ, ಧೈರ್ಯವಾಗಿ ಹೋಗು” ಎಂದು ಉತ್ತರ ಕೊಟ್ಟಿದ್ದೆವು. ಚಿನ್ನವನ್ನೂ ಅಕ್ಕಸಾಲಿಯು ಒರೆಗಲ್ಲಿಗೆ ಹಚ್ಚದೆ ಕೊಳ್ಳುವುದಿಲ್ಲವೆಂಬುದು ಆಗ ನಮಗೆ ನೆನಪಾಗಲಿಲ್ಲ. ಆದುದರಿಂದ ಈ ಸಲ ಗೌಡರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸಿ, ನಿಧಾನವಾಗಿ ವಿಷಯವನ್ನೆಲ್ಲ ವಿವರಿಸಿದೆವು.

ಮೊದಲನೆಯದಾಗಿ, ಓದಿದವನಿಗೂ ಅಪ್ಪಣೆ ಬೇಕೆಂಬುದು ಪರದೇಶದವರು ಹೊಸದಾಗಿ ಹೂಡಿದ ತಂತ್ರವಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹತ್ತನೆಯ ಅಧ್ಯಾಯಕ್ಕೆ ವಿಶಿಖಾನುಪ್ರವೇಶನೀಯವೆಂದು ಹೆಸರು. ವಿಶಿಖೆಯೆಂದರೆ ಬೀದಿ, ವೈದ್ಯನು ವೃತ್ತಿಗಾಗಿ ಬೀದಿಗಿಳಿಯುವ ಮುನ್ನ ಏನೇನಾಗಿರಬೇಕೆಂಬುದು ಅಲ್ಲಿಯ ವಿಚಾರ. ಶಾಸ್ತ್ರವನ್ನು ಓದಿರಬೇಕು, ಅರ್ಥವನ್ನು ಅರಿತಿರಬೇಕು, ಕರ್ಮವನ್ನು ಕಣ್ಣಾರೆ ಕಂಡಿರಬೇಕು, ಕೈಯಾರೆ ಮಾಡಿರಬೇಕು. ಇಷ್ಟೆಲ್ಲ ಆದ ಮೇಲೂ ರಾಜನ ಅನುಜ್ಞೆಯನ್ನು ಪಡೆದೇ ಬೀದಿಗೆ ಕಾಲಿಡಬೇಕು ಎಂದು ಆ ಆಚಾರ್ಯನ ಮತ. ಓದು ಗುರುವಿಗೂ ಶಿಷ್ಯನಿಗೂ ಸಂಬಂಧಪಟ್ಟ ವಿಷಯ. ರೋಗಿಯ ಪ್ರಾಣವಾದರೋ ಪ್ರಜೆಗಳಿಗೆಲ್ಲ ಸಂಬಂಧಪಟ್ಟದ್ದು. ಪದವಿಯನ್ನು ಗುರುಕುಲವು ಕೊಡುತ್ತದೆ. ಪರವಾನಿಗೆಯನ್ನು ಪ್ರಜೆಗಳ ಪರವಾಗಿ ರಾಜ್ಯವು ಕೊಡುತ್ತದೆ. ಈ ಎರಡನ್ನೂ ಒಂದೆಂದು ತಿಳಿದುದೇ ನಮ್ಮ ಮೊದಲ ತಪ್ಪು.

ನಮ್ಮ ದೇಶದಲ್ಲಿಯೇ ನೋಡಿರಿ. ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ೧೯೩೦ರಲ್ಲಿ ನೇಮಕವಾದ ಔಷಧ ವಿಚಾರಣಾ ಸಮಿತಿಯು, ಔಷಧ ಕಲಸುವವರಿಗೆ ಸರಿಯಾದ ಶಿಕ್ಷಣವಾಗಲಿ ಕಟ್ಟುಪಾಡಾಗಲಿ ಇಲ್ಲದಿರುವುದನ್ನು ಎತ್ತಿ ತೋರಿಸಿತು. ೧೯೩೨ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ ಈ ಶಾಸ್ತ್ರದ ಪಾಠಗಳು ಆರಂಭವಾದವು. ಕೊನೆಗೆ ೧೯೪೮ರಲ್ಲಿ ಫಾರ್ಮಸಿ ಕಾಯಿದೆಯು ಬಂದು, ನೋಂದಣಿಯಾದವರ ಹೊರತು ಬೇರಾರೂ ವೈದ್ಯರ ಚೀಟಿಗೆ ಔಷಧ ಕೊಡಕೂಡದೆಂಬ ನಿಯಮವನ್ನು ವಿಧಿಸಿತು. ವರ್ಷಗಟ್ಟಲೆ ಆಸ್ಪತ್ರೆಗಳಲ್ಲಿ ಔಷಧ ಕಲಸಿ ಅನುಭವವಿದ್ದ ಕಾಂಪೌಂಡರುಗಳಿಗೂ ಮೊದಲ ಪಟ್ಟಿಯಲ್ಲಿ ಸ್ಥಾನ ಕೊಟ್ಟರು. ಅಲ್ಲಿಂದ ಮುಂದೆ ಓದಿ ಬಂದವರಿಗೇ ಪ್ರವೇಶ. ಈ ಪಟ್ಟಿಯೂ ಒಂದೊಂದು ರಾಜ್ಯಕ್ಕೆ ಒಂದೊಂದು.

ಪಾವಗಡದ ಉದಾಹರಣೆಯನ್ನೇ ಹೇಳಿದೆವು. ಆ ತಾಲ್ಲೂಕನ್ನು ಆಂಧ್ರದ ನೆಲವು ಬಹುಪಾಲು ಸುತ್ತುವರಿದಿದೆ. ಅಲ್ಲಿಯವರಿಗೆ ಆಚೆಯ ಊರುಗಳು ನೆಂಟರ ಮನೆಗಳು. ಎರಡೂ ಭಾಷೆಗಳು ನಾಲಗೆಯ ಮೇಲೆ ಆಡುತ್ತವೆ. ಆದರೂ ಕರ್ಣಾಟಕದ ಪಟ್ಟಿಯಲ್ಲಿ ಹೆಸರಿರುವ ಫಾರ್ಮಸಿಸ್ಟನು ಮಡಕಶಿರಾದಲ್ಲಿ ಅಂಗಡಿ ತೆರೆಯಬೇಕಾದರೆ ಆಂಧ್ರದ ಪಟ್ಟಿಗೆ ಹೆಸರನ್ನು ಸೇರಿಸಿಕೊಳ್ಳಬೇಕು. ಬಸ್ಸಿನಲ್ಲಿ ಹೋಗಿ ಬರುವ ದೂರಕ್ಕೇ ಇಂತಹ ನಿಯಮವಿರುವಾಗ, ಏಳು ಸಮುದ್ರದಾಚೆಗೆ ಇಲ್ಲದಿರುವುದೆಂತು?

ಗೌಡರು ತಲೆದೂಗಿದರು. ಆದರೆ, “ಹೆಸರು ಬರ್ಸೋದು ಬೇರೆ, ಪರೀಕ್ಷೆ ಬೇರೆ ಮೇಷ್ಟ್ರೇ” ಎಂದರು. ಮಾತು ಸರಿಯಾಗಿತ್ತು. ಅದಕ್ಕೆ ಉತ್ತರವನ್ನು ನಾವು ನಮ್ಮ ಬೀದಿಗಳಲ್ಲಿಯೇ ಹುಡುಕಬೇಕು. ನಮ್ಮ ಕಡೆಯ ಎಷ್ಟೋ ಮೆಡಿಕಲ್ ಅಂಗಡಿಗಳಲ್ಲಿ ಪ್ರಮಾಣಪತ್ರವು ಗೋಡೆಯ ಮೇಲೆ ಗಾಜಿನೊಳಗೆ ಇರುತ್ತದೆ. ಪ್ರಮಾಣಪತ್ರದ ಒಡೆಯನು ಇನ್ನಾವುದೋ ಊರಿನಲ್ಲಿರುತ್ತಾನೆ. ಮಾತ್ರೆ ಕೊಡುವವನು ಹತ್ತನೆಯ ತರಗತಿ ಮುಗಿಸಿದ ಹುಡುಗ. ಕಾಗದವು ಒಂದು ಕಡೆ, ಮನುಷ್ಯನು ಒಂದು ಕಡೆ ಇರುವುದನ್ನು ನಾವೇ ಸಹಿಸಿಕೊಂಡಿರುವಾಗ, ಆ ಕಾಗದವನ್ನು ಮಾತ್ರ ನೋಡಿ ಮನುಷ್ಯನನ್ನು ನಂಬಿರೆಂದು ಪರರಿಗೆ ಹೇಳುವುದು ಹೇಗೆ? ಒಳ್ಳೆಯದಾಗಿ ಓದಿದ ನಮ್ಮ ಮಕ್ಕಳು ಈ ಸಡಿಲತೆಯ ಸಾಲವನ್ನೂ ತೀರಿಸಬೇಕಾಗಿದೆ.

ಇನ್ನು ನಮ್ಮ ಶಿಷ್ಯೆಯ ವೃತ್ತಾಂತ. ಆಕೆಯು ಶಿರಾ ತಾಲ್ಲೂಕಿನ ಒಂದು ಹಳ್ಳಿಯವಳು. ತುಮಕೂರಿನಲ್ಲಿ ಬಿ.ಫಾರ್ಮ. ಓದಿ, ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಕೆಲವು ವರ್ಷ ದುಡಿದು, ೨೦೧೮ರಲ್ಲಿ ಪತಿಯೊಡನೆ ಕೆನಡಾದ ಅಂಟಾರಿಯೊ ಪ್ರಾಂತಕ್ಕೆ ಹೋದಳು. ದೇಶಕ್ಕೆ ಪ್ರವೇಶವಾಯಿತು, ವೃತ್ತಿಗೆ ಪ್ರವೇಶವಾಗಲಿಲ್ಲ. ಈ ಎರಡು ಬಾಗಿಲುಗಳಿಗೂ ಬೇರೆ ಬೇರೆ ಕಾವಲುಗಾರರೆಂಬುದನ್ನು ಗೃಹಸ್ಥರು ಮೊದಲು ಮನಗಾಣಬೇಕು. ವೀಸಾ ಕೊಡುವವರು ಕೇಂದ್ರ ಸರ್ಕಾರದವರು. ಔಷಧ ವಿತರಣೆಗೆ ಅಪ್ಪಣೆ ಕೊಡುವುದು ಆಯಾ ಪ್ರಾಂತದ ವೃತ್ತಿಸಂಸ್ಥೆಯು. ಅಂಟಾರಿಯೊದಲ್ಲಿ ಅದಕ್ಕೆ ಅಂಟಾರಿಯೊ ಕಾಲೇಜ್ ಆಫ್ ಫಾರ್ಮಸಿಸ್ಟ್ಸ್ ಎಂದು ಹೆಸರು. ಹೆಸರಿನಲ್ಲಿ ಕಾಲೇಜೆಂದಿದ್ದರೂ ಅದು ಪಾಠಶಾಲೆಯಲ್ಲ, ನಮ್ಮ ಫಾರ್ಮಸಿ ಕೌನ್ಸಿಲಿನಂತಹದು.

ಆ ಪ್ರಾಂತದ ಬಾಗಿಲಿಗೆ ಹೋಗುವ ಮುನ್ನ ಇಡೀ ದೇಶಕ್ಕೆ ಸಂಬಂಧಪಟ್ಟ ಮತ್ತೊಂದು ಸಂಸ್ಥೆಯ ಪರೀಕ್ಷೆಗಳನ್ನು ದಾಟಬೇಕು. ಅದು ಫಾರ್ಮಸಿ ಎಕ್ಸಾಮಿನಿಂಗ್ ಬೋರ್ಡ್ ಆಫ್ ಕೆನಡಾ. ೧೯೬೩ರಲ್ಲಿ ಅಲ್ಲಿಯ ಪಾರ್ಲಿಮೆಂಟಿನ ಶಾಸನದಿಂದ ಸ್ಥಾಪಿತವಾದುದು. ಕ್ವಿಬೆಕ್ ಪ್ರಾಂತವೊಂದು ತನ್ನದೇ ಕ್ರಮವನ್ನಿಟ್ಟುಕೊಂಡಿದೆ. ನಮ್ಮ ಶಿಷ್ಯೆಯು ಹೋದ ಕಾಲಕ್ಕೆ ಇದ್ದ ಕ್ರಮವಿದು: ಮೊದಲು ಓದಿನ ದಾಖಲೆಗಳ ಪರಿಶೀಲನೆ, ಆಮೇಲೆ ಓದಿದುದು ಅಲ್ಲಿಯ ಓದಿಗೆ ಸಮನೇ ಎಂದು ಅಳೆಯುವ ಮೌಲ್ಯಮಾಪನ ಪರೀಕ್ಷೆ, ಅದರ ನಂತರ ಅಲ್ಲಿಯ ಪದವೀಧರರೇ ಬರೆಯುವ ಅರ್ಹತಾ ಪರೀಕ್ಷೆಯ ಎರಡು ಭಾಗಗಳು, ಕೊನೆಗೆ ಪ್ರಾಂತದ ಕಾನೂನಿನ ಪರೀಕ್ಷೆ, ಭಾಷಾಜ್ಞಾನದ ನಿದರ್ಶನ, ಹಿರಿಯ ಫಾರ್ಮಸಿಸ್ಟರ ಕಣ್ಣೆದುರಿನಲ್ಲಿ ಕೆಲಸ ಮಾಡಿ ತೋರಿಸುವುದು. ಸುಶ್ರುತನು ಹೇಳಿದ ಮೆಟ್ಟಿಲುಗಳೇ ಹೆಸರು ಬದಲಿಸಿಕೊಂಡು ನಿಂತಂತೆ ನಮಗೆ ತೋರಿತು.

ಆಕೆಯು ಎಡವಿದುದು ಮೊದಲ ಮೆಟ್ಟಿಲಿನಲ್ಲಿಯೇ. ಅದಕ್ಕೆ ಕಾರಣರು ನಾವು. ಈ ಭಾಗವನ್ನು ಬರೆಯಲು ನಮಗೆ ಸಂಕೋಚವಿದೆ. ಆದರೂ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಒಂದು ದಿನ ಆಕೆಯಿಂದ ದೂರವಾಣಿ ಬಂದಿತು. “ಸಾರ್, ನನ್ನ ಸರ್ಟಿಫಿಕೇಟಿನಲ್ಲಿ ಇರೋಳೂ ಪಾಸ್‌ಪೋರ್ಟಿನಲ್ಲಿ ಇರೋಳೂ ಒಬ್ಬಳೇ ಅಂತ ತೋರಿಸೋಕೆ ದಾಖಲೆ ಕೇಳ್ತಿದಾರೆ. ಸ್ಕೂಲಿನ ರಿಜಿಸ್ಟರ್ ನಕಲು ಕೊಡಿಸ್ತೀರಾ?” ಎಂದಳು. ಮರುದಿನವೇ ನಾವು ಆ ಹಳ್ಳಿಯ ಶಾಲೆಗೆ ಹೋದೆವು. ಸೇವೆಯ ಮೊದಲ ವರ್ಷಗಳಲ್ಲಿ ನಾವು ಅಲ್ಲಿ ಪ್ರಾಥಮಿಕ ತರಗತಿಗಳ ಉಪಾಧ್ಯಾಯರಾಗಿದ್ದೆವು. ಈಗಿನ ಮುಖ್ಯೋಪಾಧ್ಯಾಯಿನಿಯವರು ಬೀರುವಿನಿಂದ ಹಳೆಯ ದಾಖಲಾತಿ ಪುಸ್ತಕವನ್ನು ತೆಗೆದು, ಧೂಳು ಒರಸಿ, ನಮ್ಮ ಮುಂದಿಟ್ಟರು. ಪುಟವನ್ನು ತಿರುವಿದೆವು. ಅಕ್ಷರವು ನಮ್ಮದೇ. ಆ ವರ್ಷ ಒಂದನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಹನ್ನೊಂದು ಮಂದಿಯ ಜನ್ಮದಿನಾಂಕವು ಒಂದೇ: ಜೂನ್ ೧.

ವಾಚಕರಲ್ಲಿ ಅನೇಕರಿಗೆ ಈ ದಿನಾಂಕದ ರಹಸ್ಯವು ತಿಳಿದಿರುತ್ತದೆ. ಶಾಲೆ ತೆರೆಯುವ ಕಾಲಕ್ಕೆ ಮಗುವಿಗೆ ವಯಸ್ಸು ಸಾಲಬೇಕು; ತಾಯಿತಂದೆಗಳಿಗೆ ತಾರೀಖು ನೆನಪಿಲ್ಲ; ಉಪಾಧ್ಯಾಯನಿಗೆ ಹುಡುಕುವ ತಾಳ್ಮೆಯಿಲ್ಲ. ಜೂನ್ ಒಂದೆಂದು ಬರೆದರೆ ಎಲ್ಲ ತೊಡಕೂ ಬಗೆಹರಿಯುತ್ತದೆ. ಆ ಹುಡುಗಿಯ ಅಜ್ಜಿಯು ಅವಳ ಕೈಹಿಡಿದು ಬಂದು, “ಆಯುಧಪೂಜೆ ಆಗಿ ಎರಡು ದಿನಕ್ಕೆ ಹುಟ್ಟಿದ್ದು ಸ್ವಾಮಿ” ಎಂದು ಸ್ಪಷ್ಟವಾಗಿ ಹೇಳಿದ್ದುದು ನಮಗೆ ನೆನಪಾಯಿತು. ಪಂಚಾಂಗವನ್ನು ಓದಬಲ್ಲ ಉಪಾಧ್ಯಾಯರು ಆ ಸುತ್ತಿನಲ್ಲಿ ನಾವೊಬ್ಬರೇ. ಹಳೆಯ ಪಂಚಾಂಗವನ್ನು ತೆರೆದಿದ್ದರೆ ಎರಡು ನಿಮಿಷಗಳಲ್ಲಿ ಅಕ್ಟೋಬರಿನ ಆ ದಿನಾಂಕವು ದೊರೆಯುತ್ತಿತ್ತು. ತೆರೆಯಲಿಲ್ಲ. ಪಾಸ್‌ಪೋರ್ಟಿನವರು ಪಂಚಾಯಿತಿಯ ಜನನ ದಾಖಲೆಯನ್ನು ನೋಡಿ ಅಕ್ಟೋಬರ್ ಎಂದು ಬರೆದರು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಮಾತ್ರ ನಮ್ಮ ಜೂನ್ ಒಂದು ಉಳಿಯಿತು.

ಹೆಸರಿನ ಕಥೆಯು ಇನ್ನೂ ನಾಚಿಕೆಯದು. ಮುಂದೆ ನಾವು ಬಡ್ತಿ ಹೊಂದಿ ಪ್ರೌಢಶಾಲೆಗೆ ಬಂದಾಗ ಆಕೆಯು ಅಲ್ಲಿಯೂ ನಮ್ಮ ಶಿಷ್ಯೆಯಾದಳು. ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದು ಕಳುಹಿಸುವ ಕೆಲಸವು ನಮ್ಮದಾಗಿತ್ತು. ಆಕೆಯ ಹೆಸರಿನಲ್ಲಿ ‘ಕ್ಷ’ಕಾರವುಂಟು. ಅದನ್ನು ಇಂಗ್ಲಿಷಿನಲ್ಲಿ ‘ಎಕ್ಸ್’ ಎಂಬ ಒಂದಕ್ಷರದಿಂದ ಬರೆಯುವವರೂ ಇದ್ದಾರೆ. ‘ಕೆ-ಎಸ್-ಹೆಚ್’ ಎಂಬ ಮೂರಕ್ಷರಗಳಿಂದ ಬರೆಯುವವರೂ ಇದ್ದಾರೆ. “ಸಾರ್, ನಮ್ಮ ಅಪ್ಪ ಬ್ಯಾಂಕಿನ ಪುಸ್ತಕದಲ್ಲಿ ಎಕ್ಸ್ ಅಂತ ಬರ್ಸಿದಾರೆ” ಎಂದು ಆ ಹುಡುಗಿ ಹೇಳಿದಳು. ಅದು ಅಶುದ್ಧವೆಂದು ಸಂಧಿ, ಸಂಯುಕ್ತಾಕ್ಷರಗಳ ಮೇಲೆ ಒಂದು ಸಣ್ಣ ಉಪನ್ಯಾಸ ಕೊಟ್ಟು, ನಾವು ಮೂರಕ್ಷರಗಳನ್ನೇ ಬರೆದೆವು. ಜೊತೆಗೆ ಊರಿನ ಹೆಸರಿಗೊಂದು, ತಂದೆಯ ಹೆಸರಿಗೊಂದು ಎಂದು ಎರಡು ಮೊದಲಕ್ಷರಗಳು. ಪದವಿಪತ್ರವೂ ಕೌನ್ಸಿಲಿನ ನೋಂದಣಿಯೂ ನಮ್ಮ ಬರವಣಿಗೆಯನ್ನೇ ಅನುಸರಿಸಿದವು. ಪಾಸ್‌ಪೋರ್ಟಿನಲ್ಲಿಯಾದರೋ ತಂದೆಯ ಬರವಣಿಗೆ, ಮೊದಲಕ್ಷರಗಳ ಬದಲು ಪೂರ್ತಿ ಪದಗಳು, ಮದುವೆಯ ನಂತರ ಪತಿಯ ಹೆಸರು. ಪರದೇಶದಲ್ಲಿ ಕುಳಿತು ಈ ಎರಡು ಕಾಗದಗಳನ್ನು ನೋಡುವವನಿಗೆ, ಇವರಿಬ್ಬರೂ ಒಬ್ಬಳೇ ಎಂದು ಹೊಳೆಯುವುದಾದರೂ ಹೇಗೆ?

ನಕಲನ್ನು ಪಡೆದೆವು, ಮುಖ್ಯೋಪಾಧ್ಯಾಯಿನಿಯವರಿಂದ ದೃಢೀಕರಣ, ನೋಟರಿಯ ಮುಂದೆ ಪ್ರಮಾಣಪತ್ರ, ಅದಕ್ಕೆ ಇಂಗ್ಲಿಷ್ ಭಾಷಾಂತರ, ಹೀಗೆ ಒಂದರ ಹಿಂದೆ ಒಂದು. ತುಮಕೂರಿಗೂ ಬೆಂಗಳೂರಿಗೂ ಎಷ್ಟು ಸಲ ಅಲೆದೆವೋ ಲೆಕ್ಕವಿಡಲಿಲ್ಲ. ಅಂಕಗಳ ವಿವರವನ್ನು ವಿಶ್ವವಿದ್ಯಾನಿಲಯವೂ, ನೋಂದಣಿಯ ವಿವರವನ್ನು ಕೌನ್ಸಿಲೂ ನೇರವಾಗಿಯೇ ಕಳುಹಿಸಬೇಕು. ಅಭ್ಯರ್ಥಿಯ ಕೈಯಿಂದ ಬಂದುದು ಸಲ್ಲದು. ಎಲ್ಲವೂ ಸರಿಹೋಗುವಷ್ಟರಲ್ಲಿ ಏಳು ತಿಂಗಳು ಕಳೆದವು. ಆ ಏಳು ತಿಂಗಳೂ ಆಕೆಯು ಒಂದು ದಿನಸಿ ಅಂಗಡಿಯಲ್ಲಿ ಹಣ ಎಣಿಸುತ್ತ ನಿಂತಿದ್ದಳು. ನಮ್ಮ ಮೇಲೆ ಒಂದು ಕಟುವಾದ ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮ್ಮ ಮನಸ್ಸಿಗೆ ಹಗುರವಾಗುತ್ತಿತ್ತು.

ಮೌಲ್ಯಮಾಪನ ಪರೀಕ್ಷೆಯಲ್ಲಿ ಆಕೆಯು ಮೊದಲ ಸಲವೇ ಉತ್ತೀರ್ಣಳಾದಳು. ಅದಕ್ಕೆ ಮುನ್ನ ಅಲ್ಲಿಯ ಔಷಧಗಳ ಹೆಸರುಗಳನ್ನು ಹೊಸದಾಗಿ ಕಲಿಯಬೇಕಾಯಿತು. ನಮ್ಮಲ್ಲಿ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್. ಕ್ರೋಸಿನ್ ಎಂದರೆ ಅಲ್ಲಿಯವರಿಗೆ ತಿಳಿಯದು, ಟೈಲೆನಾಲ್ ಎನ್ನಬೇಕು. ನಾವು ಅಡ್ರಿನಲೀನ್ ಎನ್ನುವುದು ಅಲ್ಲಿ ಎಪಿನೆಫ್ರಿನ್. ಅಳತೆಗಳೂ ಬೇರೆ. ರಕ್ತದಲ್ಲಿಯ ಸಕ್ಕರೆಯನ್ನು ನಾವು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಮೆಂದು ಹೇಳುತ್ತೇವೆ. ಅಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು. ನಮ್ಮ ಲೆಕ್ಕವನ್ನು ೧೮ರಿಂದ ಭಾಗಿಸಿದರೆ ಅವರ ಲೆಕ್ಕವು ಬರುತ್ತದೆ. ನಮ್ಮ ೧೨೬ ಅವರಿಗೆ ೭. ಲೆಕ್ಕವು ಸುಲಭ, ಆದರೆ ಎದುರಿಗೆ ರೋಗಿಯು ನಿಂತಿರುವಾಗ ಒಂದು ಕ್ಷಣವೂ ತಡವರಿಸಕೂಡದು. ಮರುಪರೀಕ್ಷೆಯೇಕೆಂಬ ಗೌಡರ ಪ್ರಶ್ನೆಗೆ ಇದೂ ಒಂದು ಉತ್ತರವು. ವಿದ್ಯೆಯು ಒಂದೇ ಆದರೂ ಅದು ಆಡುವ ಭಾಷೆಯು ಊರಿಂದೂರಿಗೆ ಬೇರೆ.

ಅರ್ಹತಾ ಪರೀಕ್ಷೆಯ ಮೊದಲ ಭಾಗವು ಪ್ರಶ್ನೆಗೆ ಸರಿಯುತ್ತರವನ್ನು ಆರಿಸುವ ಬಗೆಯದು. ಎರಡನೆಯ ಭಾಗವು ವಿಚಿತ್ರವಾದುದು. ಸಾಲಾಗಿ ಹಲವು ಕೊಠಡಿಗಳು. ಹೊರಗೆ ಒಂದು ಚೀಟಿಯಲ್ಲಿ ಸಂದರ್ಭ ಬರೆದಿರುತ್ತದೆ. ಒಳಗೆ ರೋಗಿಯ ಪಾತ್ರ ವಹಿಸಿದ ನಟನೋ, ವೈದ್ಯನ ಪಾತ್ರ ವಹಿಸಿದವನೋ ಕುಳಿತಿರುತ್ತಾನೆ. ಪರೀಕ್ಷಕನು ಮೂಲೆಯಲ್ಲಿ ಕುಳಿತು ಬರೆದುಕೊಳ್ಳುತ್ತಾನೆ. ಕೆಲವೇ ನಿಮಿಷಗಳಲ್ಲಿ ಮಾತಾಡಿ, ಕೇಳಿ, ತಿಳಿದು, ಸಲಹೆ ಕೊಡಬೇಕು. ಸೂಚನೆಯಾದೊಡನೆ ಮುಂದಿನ ಕೊಠಡಿಗೆ ನಡೆಯಬೇಕು. ಇದನ್ನು ಕೇಳಿ ಗೌಡರು, “ಅಂದ್ರೆ ನಮ್ಮ ಮೂಡಲಪಾಯದ ವೇಷದ ಹಾಗೆ!” ಎಂದು ನಕ್ಕರು. ನಗತಕ್ಕ ವಿಷಯವಾದರೂ ಅದರಲ್ಲಿ ಅರ್ಥವಿದೆ. ವೇಷಧಾರಿಯೊಡನೆ ತಪ್ಪಿದರೆ ಯಾರ ಪ್ರಾಣಕ್ಕೂ ಅಪಾಯವಿಲ್ಲ; ಆದುದರಿಂದ ತಪ್ಪುವವರು ಅಲ್ಲಿಯೇ ತಪ್ಪಲಿ ಎಂಬುದು ಅವರ ಉದ್ದೇಶ.

೨೦೨೦ರ ವಸಂತಕಾಲದಲ್ಲಿ ಕೊರೋನಾ ಮಾರಿಯಿಂದ ಈ ಎರಡನೆಯ ಭಾಗವೇ ನಿಂತುಹೋಯಿತು. ಕಾದು ಕಾದು ಮುಂದಿನ ಅವಕಾಶ ಬಂದಾಗ ಆಕೆಯು ಅದರಲ್ಲಿ ಅನುತ್ತೀರ್ಣಳಾದಳು. ಶಾಲೆಯಲ್ಲಿ ಎಂದೂ ಎರಡನೆಯ ಸ್ಥಾನಕ್ಕೆ ಇಳಿಯದಿದ್ದ ಹುಡುಗಿ. ಪರೀಕ್ಷೆಯ ಸಂದರ್ಭಗಳನ್ನು ಹೊರಗೆ ಹೇಳಕೂಡದೆಂಬ ಕಟ್ಟು ಇರುವುದರಿಂದ ಆಕೆಯು ಅವನ್ನು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆದರೆ ಮತ್ತೆ ಅಭ್ಯಾಸ ಮಾಡುವಾಗ ಗೆಳತಿಯರೊಡನೆ ಕಟ್ಟಿಕೊಂಡ ಒಂದು ಸಂದರ್ಭವನ್ನು ವಿವರಿಸಿದಳು. ವೃದ್ಧರೊಬ್ಬರು ಮೊಣಕಾಲು ನೋವಿಗೆ ಐಬುಪ್ರೊಫೆನ್ ಕೇಳುತ್ತಾರೆ. ಅವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಮಾತ್ರೆ ನುಂಗುತ್ತಿರುವವರು. ಎರಡೂ ಸೇರಿದರೆ ರಕ್ತಸ್ರಾವದ ಭಯ. ಆಕೆಗೆ ಇದು ಚೆನ್ನಾಗಿ ಗೊತ್ತು. “ಇದನ್ನು ನೀವು ತೆಗೆದುಕೊಳ್ಳಬಾರದು” ಎಂದು ಹೇಳಿ ಸುಮ್ಮನಾದಳು.

“ಸರಿಯುತ್ತರವೇ ಅಲ್ಲವೇನಮ್ಮ?” ಎಂದೆವು ನಾವು.

“ಉತ್ತರ ಸರಿ ಸಾರ್, ಆದರೆ ನಾನು ಕೇಳಲೇ ಇಲ್ಲ. ನೋವು ಎಷ್ಟು ದಿನದಿಂದ, ಬಿದ್ದಿದ್ದೀರಾ, ಇದುವರೆಗೆ ಏನು ನುಂಗಿದ್ದೀರಿ, ಮೈಮೇಲೆ ಎಲ್ಲಾದರೂ ಕಪ್ಪುಗಟ್ಟಿದೆಯಾ, ಯಾವುದನ್ನೂ ಕೇಳಲಿಲ್ಲ. ಬೇರೆ ಏನು ಮಾಡಬಹುದು ಅಂತಲೂ ಹೇಳಲಿಲ್ಲ. ನಮ್ಮ ಕಡೆ ಚೀಟಿ ನೋಡ್ತೀವಿ, ಮಾತ್ರೆ ಕೊಡ್ತೀವಿ. ಚೀಟಿ ಹಿಡಿದವರ ಮುಖ ನೋಡೋದನ್ನು ನನಗೆ ಯಾರೂ ಕಲಿಸಲಿಲ್ಲ” ಎಂದಳು.

ಈ ಕೊನೆಯ ಮಾತು ನಮ್ಮನ್ನು ಚುಚ್ಚಿತು. ನಾವೂ ಉತ್ತರ ಬಲ್ಲ ಮಕ್ಕಳನ್ನು ತಯಾರಿಸಿದೆವೇ ಹೊರತು ಪ್ರಶ್ನೆ ಕೇಳುವ ಮಕ್ಕಳನ್ನಲ್ಲ. ಅಲ್ಲಿಯ ಫಾರ್ಮಸಿಸ್ಟನಿಗೆ ಅಧಿಕಾರವೂ ಹೆಚ್ಚು, ಹೊಣೆಯೂ ಹೆಚ್ಚು. ಅಂಟಾರಿಯೊದಲ್ಲಿ ೨೦೧೨ರಿಂದ ಅವರು ಫ್ಲೂ ಜ್ವರದ ಲಸಿಕೆಯನ್ನು ಹಾಕುತ್ತಾರೆ. ೨೦೨೩ರ ಜನವರಿ ೧ರಿಂದ ಹದಿಮೂರು ಬಗೆಯ ಸಣ್ಣ ಕಾಯಿಲೆಗಳಿಗೆ ತಾವೇ ಔಷಧ ಬರೆದುಕೊಡುವ ಅಪ್ಪಣೆಯೂ ದೊರೆತು, ಅದೇ ವರ್ಷ ಆ ಪಟ್ಟಿಯು ಇನ್ನೂ ಬೆಳೆಯಿತು. ಹೀಗೆ ಅರ್ಧ ವೈದ್ಯನಾದವನನ್ನು ಕಾಗದ ನೋಡಿ ಮಾತ್ರ ಕೂರಿಸಲಾಗದು.

ಆಕೆಯು ಒಂದು ಔಷಧಾಲಯದಲ್ಲಿ ಸಹಾಯಕಳಾಗಿ ಸೇರಿ, ಹಿರಿಯರು ಗಿರಾಕಿಗಳೊಡನೆ ಮಾತಾಡುವ ರೀತಿಯನ್ನು ಒಂದು ವರ್ಷ ಕಿವಿಗೊಟ್ಟು ಕೇಳಿದಳು; ರಾತ್ರಿ ಪತಿಯನ್ನೇ ರೋಗಿಯಾಗಿ ಕೂರಿಸಿಕೊಂಡು ಅಭ್ಯಾಸ ಮಾಡಿದಳು. ಎರಡನೆಯ ಸಲ ಉತ್ತೀರ್ಣಳಾಗಿ, ಪ್ರಾಂತದ ಉಳಿದ ನಿಯಮಗಳನ್ನೂ ಪೂರೈಸಿ, ೨೦೨೨ರಲ್ಲಿ ಪರವಾನಿಗೆಯನ್ನು ಪಡೆದಳು. ದೇಶ ಬಿಟ್ಟು ನಾಲ್ಕು ವರ್ಷಗಳಾಗಿದ್ದವು. ಹಲವು ಸಾವಿರ ಡಾಲರು ಪರೀಕ್ಷೆಯ ಶುಲ್ಕಗಳಿಗೇ ಹೋಗಿದ್ದವು.

ಈ ಕ್ರಮವೆಲ್ಲ ನಿರ್ದೋಷವೆಂದು ನಾವು ಹೇಳುವುದಿಲ್ಲ. ಕಾವಲುಗಾರನು ಕಳ್ಳನನ್ನು ತಡೆಯುವ ನೆವದಲ್ಲಿ ನೆಂಟನನ್ನೂ ತಡೆಯಬಹುದು. ಹೊರಗಿನಿಂದ ಬಂದ ವಿದ್ಯಾವಂತರು ವರ್ಷಗಟ್ಟಲೆ ಕೈಕಟ್ಟಿ ಕೂರುವುದು ನಷ್ಟವೆಂಬುದು ಅಲ್ಲಿಯವರಿಗೂ ತಿಳಿಯಿತು. ೨೦೦೬ರಲ್ಲಿ ಅಂಟಾರಿಯೊ ಪ್ರಾಂತವು, ವೃತ್ತಿಸಂಸ್ಥೆಗಳು ತಮ್ಮ ನಿಯಮಗಳನ್ನು ಬಯಲಿನಲ್ಲಿಡಬೇಕು, ಪಕ್ಷಪಾತವಿಲ್ಲದೆ ನಡೆಯಬೇಕು ಎಂದು ಒಂದು ಕಾಯಿದೆಯನ್ನೇ ಮಾಡಿತು. ಹೊರದೇಶದ ಪದವೀಧರರಿಗೆಂದು ಟೊರಾಂಟೊ ವಿಶ್ವವಿದ್ಯಾನಿಲಯವು ಈ ಶತಮಾನದ ಆರಂಭದಲ್ಲಿ ಪ್ರತ್ಯೇಕ ಪಾಠಕ್ರಮವನ್ನೂ ತೆರೆಯಿತು. ನಿಯಮಗಳು ಆಗಾಗ ಬದಲಾಗುವುದರಿಂದ, ಹೊರಡುವವರು ಆಯಾ ಸಂಸ್ಥೆಯವರು ಪ್ರಕಟಿಸಿದುದನ್ನೇ ನೋಡಬೇಕು. ದಲ್ಲಾಳಿಯ ಬಾಯಿಮಾತು ಪ್ರಮಾಣವಲ್ಲ.

ಬೇರೆ ದೇಶಗಳ ವಿಚಾರವನ್ನೂ ಗೌಡರು ಕೇಳಿದರು. ಸಂಕ್ಷೇಪವಾಗಿ ಹೇಳಿದೆವು. ಅಮೆರಿಕದಲ್ಲಿ ೨೦೦೩ರ ಜನವರಿ ೧ರ ಬಳಿಕ ಪದವಿ ಪಡೆದ ಹೊರದೇಶದವರಿಗೆ ಕಡೆಯ ಪಕ್ಷ ಐದು ವರ್ಷಗಳ ಪಾಠಕ್ರಮವಾಗಿರಬೇಕೆಂಬ ನಿಯಮವುಂಟು. ನಮ್ಮ ಬಿ.ಫಾರ್ಮ. ನಾಲ್ಕೇ ವರ್ಷದ್ದಾದುದರಿಂದ ಆ ಬಾಗಿಲು ಅವಳಿಗೆ ತೆರೆಯದು. ೨೦೦೮ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಆರು ವರ್ಷಗಳ ಫಾರ್ಮ.ಡಿ. ಓದಿದವರು ಮಾತ್ರ ಯತ್ನಿಸಬಹುದು. ಇಂಗ್ಲೆಂಡಿನಲ್ಲಿ ಒಂದು ವರ್ಷ ಮತ್ತೆ ಓದಿ, ಒಂದು ವರ್ಷ ತರಬೇತಿ ಪಡೆದು, ಪರೀಕ್ಷೆ ಕೊಡುವ ಕ್ರಮವು ರೂಢಿಯಲ್ಲಿ ಬಂದಿದೆ. ಕೊಲ್ಲಿಯ ದೇಶಗಳಲ್ಲಿ ದಾಖಲೆಗಳನ್ನು ಅವು ಹೊರಟ ಕಚೇರಿಯಿಂದಲೇ ಪರಿಶೀಲಿಸಿ, ಕಂಪ್ಯೂಟರಿನ ಮುಂದೆ ಪರೀಕ್ಷೆ ಮಾಡುತ್ತಾರೆ. ಒರೆಗಲ್ಲಿಲ್ಲದ ಪೇಟೆ ಎಲ್ಲಿಯೂ ಇಲ್ಲ.

ಕೊನೆಗೆ ಗೌಡರಿಗೆ ನಾವು ಹೇಳಿದುದು, ಇಂತಹ ಯೋಚನೆಯುಳ್ಳ ಎಲ್ಲ ಗೃಹಸ್ಥರಿಗೂ ಹೇಳತಕ್ಕದ್ದು, ಇಷ್ಟು. ಪರವಾನಿಗೆಗೆ ಎರಡು ಮೂರು ವರ್ಷಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಆ ಕಾಲದ ಅನ್ನಬಟ್ಟೆಗೆ ಹಣವೆಲ್ಲಿಂದ ಎಂಬುದನ್ನು ಹೊಲ ಮಾರುವ ಮೊದಲೇ ಯೋಚಿಸಿರಿ. ಕಾಗದಗಳ ಕೆಲಸವನ್ನು ಊರಿನಲ್ಲಿದ್ದಾಗಲೇ ಮುಗಿಸಿರಿ. ಇಲ್ಲಿ ಒಂದು ದಿನದ ಬಸ್ ಪ್ರಯಾಣದಲ್ಲಿ ಆಗುವುದು ಅಲ್ಲಿಂದ ಒಂದು ವರ್ಷಕ್ಕೂ ಆಗದು. ಹುಡುಗಿಯು ಒಂದು ವರ್ಷವಾದರೂ ಒಳ್ಳೆಯ ಆಸ್ಪತ್ರೆಯಲ್ಲಿ ದುಡಿದು, ಚೀಟಿ ಹಿಡಿದವರ ಮುಖ ನೋಡುವುದನ್ನು ಕಲಿಯಲಿ. ಅಲ್ಲಿ ಮೊದಲು ಸಿಕ್ಕುವ ಕೆಲಸವು ಕೀಳೆಂದು ತೋರಿದರೆ ನೆಂಟರ ಮುಂದೆ ಅವಳನ್ನು ಆಡಿಕೊಳ್ಳಬೇಡಿರಿ. ಅನುತ್ತೀರ್ಣಳಾದ ದಿನ ನಮ್ಮ ಶಿಷ್ಯೆಗೆ ಹೆಚ್ಚು ನೋವಾದುದು ಪರೀಕ್ಷಕರಿಂದಲ್ಲ, ಊರಿನಿಂದ ಬಂದ, “ಇನ್ನೂ ಅಂಗಡಿಯಲ್ಲೇ ಇದೀಯಾ?” ಎಂಬ ಒಂದು ಪ್ರಶ್ನೆಯಿಂದ.

ಗೌಡರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹೊಲ ಎಲ್ಲೂ ಓಡಿಹೋಗಲ್ಲ ಬಿಡಿ. ಒಂದು ವರ್ಷ ನೋಡಾನ” ಎಂದು ಹೇಳಿ, ಚೀಲದಿಂದ ಮೊಮ್ಮಗಳ ಅಂಕಪಟ್ಟಿಗಳನ್ನು ತೆಗೆದು ನಮ್ಮ ಕೈಗಿತ್ತರು. ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ಬಿಡಿಸಿದೆವು. ಜನ್ಮದಿನಾಂಕ: ಜೂನ್ ೧. ಈ ಸಲ ಬರೆದವರು ನಾವಲ್ಲ, ನಮ್ಮಂತಹ ಇನ್ನೊಬ್ಬರು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಗೌಡರೂ ನಾವೂ ಆ ಶಾಲೆಯ ಕಡೆಗೆ ಹೊರಟೆವು.

ನಮ್ಮ ಹಳೆಯ ಸುಭಾಷಿತಕ್ಕೆ ಬರೆಯಬೇಕಾಗಿದ್ದ ಟಿಪ್ಪಣಿಯು ಇಷ್ಟೇ. ವಿದ್ಯಾವಂತನಿಗೆ ಎಲ್ಲೆಡೆಯೂ ಗೌರವವುಂಟೆಂಬುದು ನಿಜವು. ಆದರೆ ಗೌರವವು ಬೇರೆ, ನಂಬಿಕೆಯು ಬೇರೆ. ಗೌರವವನ್ನು ಜೊತೆಯಲ್ಲಿ ಕಟ್ಟಿಕೊಂಡು ಹೋಗಬಹುದು. ನಂಬಿಕೆಯನ್ನು ಹೋದ ಊರಿನಲ್ಲಿಯೇ ಸಂಪಾದಿಸಬೇಕು.